ಸೊಳ್ಳೆ ಫಿರಂಗಿ

"ಆ ಸೊಳ್ಳೆ ಬಿಟ್ಟು ಬಾರೋ" ಎಂದು ಟೈಲರಣ್ಣ ಫೋನಿನಲ್ಲಿ ಹೇಳಿದ. "ಸೊಳ್ಳೆ ಬಿಟ್ಟು ನಾನು ಬರಲ್ಲ" ಎಂದು ತಕ್ಕಡಿ ಕೂಗಿದ. ಆ ಭಾನುವಾರದ ಅನಾಹುತಕ್ಕೆಲ್ಲ ಬೀಜ ಇಷ್ಟೇ. ಕೋಣೆಯೊಳಗೆ ಕೂಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕೋಣೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲವಾದ್ದರಿಂದ ಅವನು ಮಹಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಕೆಳಗೆ ಮನೆ ಓನರಮ್ಮ ಬಟ್ಟೆ ಹಿಂಡುತ್ತಿದ್ದರು.

"ಅದೆಷ್ಟು ದೂರ ಹೊಡೆಯುತ್ತೆ ಗೊತ್ತಾ ಅಣ್ಣಾ? ಈ ತುದಿಯಿಂದ ಆ ತುದಿಗೆ! ಕೂತಲ್ಲಿಂದ ಏಳೋದೇ ಬೇಡ. ನೀವೆಲ್ಲ ಸೊಳ್ಳೆ ಫಿರಂಗಿ ಅಂತ ನಗ್ತೀರಲ್ಲ, ಇವತ್ತು ನೋಡಿ!"

ಓನರಮ್ಮ ಹಿಂಡುತ್ತಿದ್ದ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟರು. ಕೂತಲ್ಲಿಂದಲೇ ಸೊಳ್ಳೆ ಹೊಡೆಯುವ ಫಿರಂಗಿ! ಹಿಂದಿನ ಚರಂಡಿಯ ದಯೆಯಿಂದ ಆ ವಠಾರದಲ್ಲಿ ಸೊಳ್ಳೆಗಳು ಬಾಡಿಗೆದಾರರಿಗಿಂತ ಹಳಬರು.

ತಕ್ಕಡಿ ಎಂಬುದು ಅವನ ಹೆಸರಲ್ಲ. ಅಂಗಡಿಗಳ ತಕ್ಕಡಿ ರಿಪೇರಿ ಮಾಡುವುದು ಅವನ ಕೆಲಸ. ಜೊತೆಗೆ ಯಾವ ಮಾತನ್ನೂ ಎರಡು ತಟ್ಟೆಗೆ ಹಾಕಿ ತೂಗದೆ ಆಡದವನು. ಟೀ ಬೇಕಾ ಎಂದು ಕೇಳಿದರೆ "ಬೇಕು ಅಂದ್ರೆ ಬೇಕು, ಬೇಡ ಅಂದ್ರೂ ನಡೆಯುತ್ತೆ, ಆದ್ರೆ..." ಎನ್ನುವಷ್ಟರಲ್ಲಿ ಟೀ ಆರಿಹೋಗುತ್ತಿತ್ತು. ಅಂಥವನು ಇನ್ನೊಂದು ತಟ್ಟೆಯ ಕಡೆ ನೋಡದೆ ಹಿಡಿದ ಪಟ್ಟು ಜೀವಮಾನದಲ್ಲಿ ಒಂದೇ. ಅದು ಸೊಳ್ಳೆ ಫಿರಂಗಿ.

ಟೈಲರಣ್ಣನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜು ಭಾನುವಾರ ರಣರಂಗವಾಗುತ್ತಿತ್ತು. ಹಸಿರು ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಚೌಕಗಳನ್ನೆಳೆದು, ದಾರದ ಉಂಡೆಗಳನ್ನು ಗುಡ್ಡವೆಂದು ನಿಲ್ಲಿಸಿ, ಬೆರಳುದ್ದದ ಯಂತ್ರಮಾನವರನ್ನು ಕಾದಾಟಕ್ಕೆ ಬಿಡುವ ಆಟ. ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಎಲ್ಲರ ಮುದ್ದಿನ ಆಯುಧ ಸುತ್ತಿಗೆ ಫಿರಂಗಿ. ಹತ್ತಿರ ಹೋಗಿ ಒಂದು ಬಾರಿಸಿದರೆ ಎದುರಿನ ಯಂತ್ರದ ಕೈ ಒಂದು ಕಡೆ, ಕಾಲು ಒಂದು ಕಡೆ. ಯಾರಿಗೂ ಬೇಡದ್ದು ಉದ್ದ ಕೊಳವೆಯ ಸೊಳ್ಳೆ ಫಿರಂಗಿ. ಮೇಜಿನ ಆ ತುದಿಯವರೆಗೂ ಅದು ಮುಟ್ಟುತ್ತದೆ, ನಿಜ. ಮುಟ್ಟಿ ಕಳೆಯುವುದು ಒಂದೇ ಒಂದು ಅಂಕ. ಸಾಲದ್ದಕ್ಕೆ, ಎದುರಾಳಿ ಮೂರು ಚೌಕಕ್ಕಿಂತ ಹತ್ತಿರ ಬಂದರೆ ಆ ಉದ್ದ ಮೂತಿ ತಿರುಗುವುದೇ ಇಲ್ಲ. ಬೆಪ್ಪನ ಹಾಗೆ ನಿಂತು ಒದೆ ತಿನ್ನಬೇಕು.

ಆ ಫಿರಂಗಿಯನ್ನು ಅವನ ಕೈಗೆ ಕೊಟ್ಟವಳು ಕನ್ನಡಕದಂಗಡಿಯಾಕೆ. ಪರದೆ ಹೊಲಿಸಲೆಂದು ಬಂದು, ಮೇಜಿನ ಮೇಲಿನ ಯುದ್ಧ ನೋಡಿ, ಪರದೆ ಮರೆತು ಆಟಕ್ಕೆ ಕುಳಿತವಳು. ಒಮ್ಮೆ ಅವನ ಕಣ್ಣು ಪರೀಕ್ಷೆ ಮಾಡಿ, "ನಿಮಗೆ ದೂರದ್ದೆಲ್ಲ ಚೆನ್ನಾಗಿ ಕಾಣುತ್ತೆ ರೀ. ಕಣ್ಣೆದುರಿಗೆ ಇರೋದೇ ಕಾಣಲ್ಲ" ಎಂದಿದ್ದಳು. ತಕ್ಕಡಿ ಓದುವ ಕನ್ನಡಕವೊಂದನ್ನು ಕೊಂಡು, ಥ್ಯಾಂಕ್ಸ್ ಹೇಳಿ ಬಂದಿದ್ದ. ಆ ಮಾತು ಕನ್ನಡಕದ ಬಗ್ಗೆ ಆಡಿದ್ದಲ್ಲವೆಂದು ಅವನಿಗೆ ಹೊಳೆಯುವ ಹೊತ್ತಿಗೆ ಆಕೆಗೆ ಬೇರೆ ಊರಿನ ಅಂಗಡಿಗೆ ವರ್ಗವಾಗಿತ್ತು.

ಹೊರಡುವ ದಿನ ಬಸ್ಸಿನ ಕಿಟಕಿಯಿಂದ ಒಂದು ಪುಟ್ಟ ನೀಲಿ ಯಂತ್ರಮಾನವನನ್ನು ಅವನ ಅಂಗೈಯಲ್ಲಿಟ್ಟಿದ್ದಳು. ತಾನೇ ಬಣ್ಣ ಹಚ್ಚಿದ್ದು. ಮುಖಕ್ಕೆ ಸಾಸಿವೆಯಷ್ಟು ಕನ್ನಡಕ, ಹೆಗಲ ಮೇಲೆ ಉದ್ದ ಕೊಳವೆ. "ಎಲ್ಲರೂ ಬಿಟ್ಟಿದ್ದನ್ನ ನಾವಿಬ್ಬರು ಹಿಡಿಯೋಣ. ಅಲ್ಲಿ ನಾನೂ ಇದನ್ನೇ ಆಡ್ತೀನಿ. ದೂರದಿಂದ ಮುಟ್ಟೋದು ಇದೊಂದೇ ಅಲ್ವಾ?"

"ಮುಟ್ಟುತ್ತೆ ಅಂದ್ರೆ ಮುಟ್ಟುತ್ತೆ, ಆದ್ರೆ..." ಎಂದ ತಕ್ಕಡಿ. ಬಸ್ಸು ಹೊರಟುಹೋಯಿತು. ಆ 'ಆದ್ರೆ'ಯ ಮುಂದಿನ ಮಾತನ್ನು ಅವನು ಇಂದಿಗೂ ತಕ್ಕಡಿಗಳ ಮುಂದೆ ಕುಳಿತು ಹುಡುಕುತ್ತಿದ್ದಾನೆ. ಆಗಾಗ ಫೋನು ಬರುತ್ತದೆ. ಇಬ್ಬರೂ ಫಿರಂಗಿಯ ವಿಷಯವನ್ನಷ್ಟೇ ಮಾತಾಡುತ್ತಾರೆ.

ಈಗ ಮುಂದಿನ ಭಾನುವಾರ ಆಕೆಯ ಊರಿನ ಗುಂಪಿನೊಡನೆ ಪಂದ್ಯ. ಇಲ್ಲಿಂದ ನಾಲ್ವರು ಹೋಗಬೇಕು. ಟೈಲರಣ್ಣನ ಗುಂಪಿನಲ್ಲಿ ಇರುವುದೇ ಐವರು. ಟೈಲರಣ್ಣ ಮತ್ತು ಇನ್ನಿಬ್ಬರ ಜಾಗ ಖಾತ್ರಿ. ಉಳಿದೊಂದು ಜಾಗ ತಕ್ಕಡಿಗೋ ಐದನೆಯವನಾದ ಬಸ್ ಕಂಡಕ್ಟರನಿಗೋ ಎಂಬುದು ಇಂದು ತೀರ್ಮಾನ. ಸುತ್ತಿಗೆ ಹಿಡಿದರೆ ಗೆಲ್ಲಬಹುದು. ಆದರೆ ಸುತ್ತಿಗೆ ಹಿಡಿದುಕೊಂಡು ಆಕೆಯ ಮುಂದೆ ಹೋಗಿ ನಿಲ್ಲುವುದಾದರೂ ಹೇಗೆ?

ತಕ್ಕಡಿ ಡಬ್ಬಿ ಹಿಡಿದು ಇಳಿಯುವಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ವಠಾರವೇ ನೆರೆದಿತ್ತು.

"ಎಲ್ಲಪ್ಪಾ ಆ ಮಿಷನ್ನು?" ಎಂದರು ಓನರಮ್ಮ.

"ಯಾವ ಮಿಷನ್ ಅಮ್ಮಾ?"

"ಸೊಳ್ಳೆ ಹೊಡೆಯೋದು. ಒಬ್ಬನೇ ಹೊಡ್ಕೊಂಡು ಹಾಯಾಗಿ ಮಲಗ್ತೀಯಾ? ನಾವೇನು ನಿನಗೆ ವೈರಿಗಳಾ?"

"ಅಯ್ಯೋ, ಇದು ಸೊಳ್ಳೆ ಹೊಡೆಯೋದಲ್ಲ ಅಮ್ಮಾ. ಇದೇ ಸೊಳ್ಳೆ. ಅಂದ್ರೆ ಸೊಳ್ಳೆ ಥರ. ಅಂದ್ರೆ..."

"ತೂಗಬೇಡ, ತೆಗಿ" ಎಂದು ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಡಬ್ಬಿಯನ್ನು ಕಸಿದೇಬಿಟ್ಟರು. ನೀಲಿ ಯಂತ್ರವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಇಷ್ಟೇ ಇಷ್ಟಿದೆ! ಇದಕ್ಕೆ ಔಷಧಿ ಎಲ್ಲಿ ಹಾಕೋದು? ಈ ಮೂತಿ ಬಿಚ್ಚಬೇಕೇನು?"

"ಮೇಷ್ಟ್ರೇ, ಬೇಡ..."

ಟಿಕ್ ಎಂದಿತು. ಬೆಂಕಿಕಡ್ಡಿಯಷ್ಟು ದಪ್ಪದ ಕೊಳವೆ ಮೇಷ್ಟ್ರ ಬೆರಳಿನಿಂದ ಜಾರಿ, ನೆಲದ ಜಾಲರಿಯಲ್ಲಿ ನುಸುಳಿ, ಚರಂಡಿಗೆ ಬಿತ್ತು. ಸೊಳ್ಳೆಯ ಮೂತಿ ಸೊಳ್ಳೆಗಳ ತವರಿಗೇ ಸೇರಿತು.

"ವಾರಂಟಿ ಇದೆ ತಾನೇ?" ಎಂದರು ಮೇಷ್ಟ್ರು.

ತಕ್ಕಡಿಗೆ ಅಳು ಬಂತು. ಅತ್ತರೆ ಅಷ್ಟು ಜನರ ಮುಂದೆ ಹೇಗಿರುತ್ತದೆ, ಅಳದಿದ್ದರೆ ಹೇಗಿರುತ್ತದೆ ಎಂದು ತೂಗುವಷ್ಟರಲ್ಲಿ ಅದು ಹಿಂದಕ್ಕೆ ಹೋಯಿತು. ಯಂತ್ರವನ್ನು ಎತ್ತಿಕೊಂಡು ಓಡಿದ. "ನಿಲ್ಲಪ್ಪಾ, ನನ್ನ ಪರದೆನೂ ಟೈಲರ್ ಹತ್ರಾನೇ ಇದೆ. ಅದು ಹೇಗೆ ಹೊಡೆಯುತ್ತೋ ನೋಡೇಬಿಡ್ತೀನಿ" ಎಂದು ಓನರಮ್ಮ ಹಿಂದೆಯೇ ಹೊರಟರು.

ಅಂಗಡಿಯಲ್ಲಿ ಕಂಡಕ್ಟರ್ ಆಗಲೇ ತೋಳು ಮಡಚಿ ಕುಳಿತಿದ್ದ. ಮೂತಿಯಿಲ್ಲದ ಯಂತ್ರ ಕಂಡು ಅವನ ಮುಖ ಅರಳಿತು. "ಆಯುಧ ಕಣ್ಣಿಗೆ ಕಾಣಬೇಕು, ಇಲ್ಲಾಂದ್ರೆ ಲೆಕ್ಕಕ್ಕಿಲ್ಲ. ನಿಯಮ ನಿಯಮವೇ. ರೈಟ್, ರೈಟ್! ಮನೆಗೆ ಹೋಗು."

ಟೈಲರಣ್ಣನ ಬಾಯಿ ಕೆಟ್ಟದಾದರೂ ಕೈ ಒಳ್ಳೆಯದು. ಒಂದು ಹಳೇ ಸೂಜಿಯನ್ನು ಲಟಕ್ಕನೆ ಮುರಿದು, ಗೋಂದು ಹಚ್ಚಿ, ಯಂತ್ರದ ಹೆಗಲಿಗೆ ಅಂಟಿಸಿದ. "ತಗೋ. ಈಗಲೂ ಹೇಳ್ತೀನಿ, ಸುತ್ತಿಗೆ ಹಿಡಿ. ಇದು ಬೆಟ್ಟ ಅಗೆದು ಇಲಿ ಹಿಡಿಯೋ ಆಯುಧ. ಅಷ್ಟು ಭಾರ ಹೊತ್ತು, ಅಷ್ಟು ದೂರ ಹೊಡೆದು, ಕಳೆಯೋದು ಒಂದು!"

"ಅಣ್ಣಾ, ಅವನು ನನ್ನ ಹತ್ರ ಬರೋಕೆ ಮೇಜೆಲ್ಲ ದಾಟಬೇಕು. ದಾಟೋವರೆಗೂ ನಾನು ಹೊಡೀತಾನೇ ಇರ್ತೀನಿ. ಅವನು ಒಂದ್ಸಲಾನೂ ಹೊಡೆಯೋ ಹಾಗಿಲ್ಲ."

"ಹತ್ತಿರ ಬಂದಮೇಲೆ?"

ತಕ್ಕಡಿ ಬಗ್ಗಿ ಗೋಂದು ಒಣಗಿತೇ ಎಂದು ನೋಡಿದ.

"ಮೊದಲು ಸೊಳ್ಳೆ, ಈಗ ಸೂಜಿ" ಎಂದ ಕಂಡಕ್ಟರ್. "ಇಂಜೆಕ್ಷನ್ ಕೊಡ್ತೀಯೇನಪ್ಪಾ?"

ಆ ಅಂಗಡಿಯಲ್ಲಿ ಆಟದ ಗಡಿಯಾರವೆಂದರೆ ಇಸ್ತ್ರಿಪೆಟ್ಟಿಗೆ. ಚೆನ್ನಾಗಿ ಕಾಯಿಸಿ ಇಡುವುದು. ಪ್ರತಿ ಸರದಿಗೊಮ್ಮೆ ಒಂದು ಹನಿ ನೀರು ಹಾಕುವುದು. ಅದು ಚುಂಯ್ ಎನ್ನುವವರೆಗೆ ಯುದ್ಧ, ಎನ್ನದಿದ್ದಾಗ ಕದನವಿರಾಮ. ಆಗ ಯಾರು ಹೆಚ್ಚು ಅಂಕ ಕಳೆದುಕೊಂಡಿದ್ದಾರೋ ಅವರು ಸೋತರು. ಸುಮ್ಮನೆ ಕೂರಲಾರದ ಓನರಮ್ಮನ ಕೈಗೆ ಟೈಲರಣ್ಣ ನೀರಿನ ಲೋಟ ಕೊಟ್ಟ.

ಕಂಡಕ್ಟರ್ ತನ್ನ ಕೆಂಪು ಯಂತ್ರವನ್ನು ದಾರದ ಉಂಡೆಯ ಹಿಂದೆ ನಿಲ್ಲಿಸಿದ. ತಲೆ ಮಾತ್ರ ಕಾಣುತ್ತಿತ್ತು. "ನಾನು ಇಲ್ಲೇ ಇರ್ತೀನಿ. ನೀನೇ ಬಾ."

ತಕ್ಕಡಿ ಎಲ್ಲಿಗೂ ಹೋಗಲಿಲ್ಲ. ದಾಳ ಉರುಳಿಸಿದ. ತಗುಲಿತು. ಒಂದು ಅಂಕ.

"ಕಚ್ತು!" ಎಂದರು ಓನರಮ್ಮ.

ಮುಂದಿನದು ತಪ್ಪಿತು. "ಸೊಳ್ಳೆ ಹಾಗೇನೇ" ಎಂದು ಅವರು ಸಮಾಧಾನ ಹೇಳಿದರು. "ಒಂದ್ಸಲ ಕಿವಿ ಹತ್ರ ಗುಂಯ್ ಅಂದು ಹೋಗುತ್ತೆ. ಆಮೇಲೆ ನೋಡು." ಆಮೇಲೆ ನೋಡಿದರೆ ಒಂದು ಅಂಕ. "ಕಚ್ತು!" ಮತ್ತೊಂದು. "ಕಚ್ತು! ಅದೇ ಜಾಗದಲ್ಲಿ ಕಚ್ತಲ್ಲಪ್ಪಾ!"

ಕಂಡಕ್ಟರ್ ಕತ್ತು ಕೆರೆದುಕೊಂಡ. ಇಡೀ ಬಸ್ಸು ಚಿಲ್ಲರೆಗಾಗಿ ಜಗಳಕ್ಕೆ ಬಿದ್ದರೂ ನಗುತ್ತ ನಿಲ್ಲುವ ಮನುಷ್ಯ ಅವನು. ಆದರೆ ಒಂದೊಂದೇ ಅಂಕ, ಒಂದೊಂದೇ ಅಂಕ, ಮೇಲೊಂದು 'ಕಚ್ತು'! ಹೊಡೆಯಲು ಎದುರಿಗೆ ಯಾರೂ ಇಲ್ಲ. ನೀಲಿ ಬೊಂಬೆ ಮೇಜಿನಾಚೆ ಸಾಸಿವೆ ಕನ್ನಡಕ ಹಾಕಿಕೊಂಡು ಸುಮ್ಮನೆ ನೋಡುತ್ತಿದೆ.

"ಅಮ್ಮಾ, ನೀವು ಸ್ವಲ್ಪ ಬಾಯಿ..."

"ನನಗ್ಯಾಕಪ್ಪಾ ಹೇಳ್ತೀಯ? ಕಚ್ಚಿಸ್ಕೊಂಡೋನು ನೀನು."

ಕಂಡಕ್ಟರ್ ಎದ್ದೇ ನಿಂತ. "ಸಾಕು! ಈಗ ತಟ್ಟಿ ಸಾಯಿಸ್ತೀನಿ!" ಗುಡ್ಡದ ಆಸರೆ ಬಿಟ್ಟು ಬಯಲಿಗೆ ನುಗ್ಗಿದ. ಸುತ್ತಿಕೊಂಡು ಬರುವ ದಾರಿ ಬಿಟ್ಟು, ಅಂಗಿಯ ಗುಂಡಿಗಳನ್ನು ಹರಡಿ ಮಾಡಿದ್ದ ಜೌಗಿನ ಮೇಲೆ ನೇರ ಓಡಿದ. ಜೌಗಿನಲ್ಲಿ ಓಡಿದರೆ ಬೀಳದಿರಲು ದಾಳ ಹಾಕಬೇಕು. ಹಾಕಿದ. ಕೆಂಪು ಯಂತ್ರ ಧೊಪ್ಪನೆ ಮಕಾಡೆ ಬಿತ್ತು, ನೀಲಿಯದಕ್ಕೆ ನಾಲ್ಕೇ ಚೌಕ ಆಚೆ. ಇನ್ನೊಂದು ಸರದಿ ಸಿಕ್ಕಿದರೆ ಎದ್ದು ಬಂದು ಸುತ್ತಿಗೆ ಬಾರಿಸುತ್ತಾನೆ, ತಕ್ಕಡಿಯ ಕತೆ ಮುಗಿಯುತ್ತದೆ.

ಓನರಮ್ಮ ಬೆರಳು ಅದ್ದಿ ಇಸ್ತ್ರಿಪೆಟ್ಟಿಗೆಯ ಮೇಲೆ ಒಂದು ಹನಿ ಬಿಟ್ಟರು. ಎಲ್ಲರೂ ಉಸಿರು ಹಿಡಿದು ಕಿವಿಗೊಟ್ಟರು. ಹನಿ ಸುಮ್ಮನೆ ಹರಿದು ಕೆಳಗಿಳಿಯಿತು.

ಕದನವಿರಾಮ. ಅಂಕ ಹೋಗಿದ್ದು ಕಂಡಕ್ಟರನದು ಮಾತ್ರ, ತಕ್ಕಡಿಯದು ಒಂದೂ ಇಲ್ಲ. ಟೈಲರಣ್ಣ ತೊಡೆ ತಟ್ಟಿಕೊಂಡ. "ಇದು ಯಂತ್ರಕ್ಕೆ ಹೊಡೆಯೋ ಆಯುಧ ಅಲ್ಲ ಕಣ್ರೋ! ಆಡೋನ ತಲೆಗೆ ಹೊಡೆಯುತ್ತೆ! ನಮ್ಮ ಕಂಡಕ್ಟರನ್ನೇ ಓಡಿಸಿಬಿಡ್ತಲ್ಲ, ಆ ಊರಿನೋರು ಯಾವ ಲೆಕ್ಕ!" ಅಲ್ಲೇ ಫೋನು ತೆಗೆದು ಆ ಊರಿನ ಗುಂಪಿಗೆ ನಾಲ್ಕೂ ಹೆಸರು ಹೇಳಿದ. ಅಲ್ಲಿಯ ಕಟ್ಟಳೆ ಬಿಗಿ. ಹೇಳಿದ ಹೆಸರು ಬದಲಾಯಿಸುವಂತಿಲ್ಲ. ನಾಲ್ವರಲ್ಲಿ ಒಬ್ಬ ಕಡಿಮೆಯಾದರೂ ತಂಡವೇ ಹೊರಗೆ. ಕಂಡಕ್ಟರ್ ಮುಖ ಊದಿಸಿಕೊಂಡು ಡಿಪೋಗೆ ಫೋನು ಮಾಡಲು ಮೂಲೆಗೆ ಹೋದ.

ತಕ್ಕಡಿಗೆ ನೆಲ ಕಾಣುತ್ತಿರಲಿಲ್ಲ. ಇನ್ನೊಂದು ವಾರ! ಈ ಸಲ 'ಆದ್ರೆ' ಇಲ್ಲದ ಮಾತು ಆಡಬೇಕು. ಅಷ್ಟರಲ್ಲಿ ಜೇಬಿನ ಫೋನು ಅಲುಗಿತು. ಆಕೆಯೇ! ಅಂಗಡಿಯ ಹೊರಗೆ ಓಡಿದ.

"ರೀ, ನಮ್ಮ ತಂಡದಿಂದ ನನ್ನ ಕಿತ್ತಾಕಿದ್ರು" ಎಂದಳು. ದನಿಯಲ್ಲಿ ನಗು ತುಂಬಿತ್ತು. "ಸೊಳ್ಳೆ ಬಿಡು ಅಂದ್ರು. ಬಿಡಲ್ಲ ಅಂದೆ. ನಿಮ್ಮನ್ನೂ ಬಿಟ್ಟಿರ್ತಾರೆ ಅಂತ ಗೊತ್ತು. ನೀವು ಅದನ್ನ ಬಿಡೋರಲ್ಲ, ಅದು ಗೆಲ್ಲೋದಲ್ಲ."

"ಅಂದ್ರೆ... ಅದು..."

"ಪೂರ್ತಿ ಕೇಳಿ. ಭಾನುವಾರ ನಿಮ್ಮೂರಲ್ಲಿರೋ ನನ್ನ ಹಳೇ ಕನ್ನಡಕದಂಗಡೀಲಿ ಕೂರೋಕೆ ಯಾರೂ ಇಲ್ವಂತೆ. ಅಂಗಡಿ ಓನರ್ ಕೇಳಿದ್ರು. ಹೇಗೂ ಆಟ ಇಲ್ವಲ್ಲ, ನಾನು ಹೋಗ್ತೀನಿ ಅಂತ ಮಾತು ಕೊಟ್ಟುಬಿಟ್ಟೆ. ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ವಾಪಸ್. ಮಧ್ಯಾಹ್ನ ಗಿರಾಕಿ ಇರಲ್ಲ. ಅವರೆಲ್ಲ ಇಲ್ಲಿ ಬಡಿದಾಡ್ಕೊಳ್ಲಿ, ನಾವಿಬ್ಬರೇ ಅಲ್ಲಿ ಸೊಳ್ಳೆಗೆ ಸೊಳ್ಳೆ ಆಡೋಣ. ಮತ್ತೆ... ಅವತ್ತು ಬಸ್ ಕಿಟಕಿ ಹತ್ರ ಏನೋ 'ಆದ್ರೆ' ಅಂದಿರಲ್ಲ, ಅದನ್ನೂ ಪೂರ್ತಿ ಹೇಳಿ. ಇರ್ತೀರಿ ತಾನೇ? ಅಯ್ಯೋ, ಗಿರಾಕಿ ಬಂದ್ರು, ಇಡ್ತೀನಿ."

ತಕ್ಕಡಿ ಫೋನನ್ನೇ ನೋಡುತ್ತ ನಿಂತ. ಆಮೇಲೆ ಒಳಗೆ ನುಗ್ಗಿದ.

"ಅಣ್ಣಾ, ನಾನು ಯೋಚಿಸಿ ನೋಡಿದೆ. ಆ ಫಿರಂಗಿ ಯಾವ ಕೆಲಸಕ್ಕೂ ಬಾರದ್ದು."

"ಏನಂದೆ?"

"ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಅಷ್ಟು ಭಾರ ಹೊತ್ತು ಕಳೆಯೋದು ಒಂದು!"

"ಅವನು ದಾಟಿ ಬರೋವರೆಗೂ ಹೊಡೀತಾನೇ ಇರಬಹುದಲ್ಲೋ!" ಎಂದ ಟೈಲರಣ್ಣ. "ಅವನು ಒಂದ್ಸಲಾನೂ ಹೊಡೆಯೋ ಹಾಗಿಲ್ಲ!"

"ಇವತ್ತು ಗೆದ್ದಿದ್ದು ಅದೃಷ್ಟ. ಓನರಮ್ಮ ಕೂಗಿದ್ದಕ್ಕೆ."

"ನಾನೂ ಬರ್ತೀನಪ್ಪಾ, ಅಲ್ಲೂ ಕೂಗ್ತೀನಿ" ಎಂದರು ಓನರಮ್ಮ.

"ಹೆಸರು ಹೇಳಿ ಆಯ್ತು" ಎಂದ ಟೈಲರಣ್ಣ. "ನೀನಿಲ್ಲಾಂದ್ರೆ ಮೂವರ ಆಟಾನೂ ಹೋಗುತ್ತೆ. ಎಷ್ಟು ವರ್ಷದ ಆಸೆ ಕಣೋ ನಮ್ಮದು." ಹಾಗೆ ಹೇಳುವಾಗ ಅವನ ದನಿ ಸಣ್ಣದಾಯಿತು. ತಕ್ಕಡಿ ಎರಡು ತಟ್ಟೆಯನ್ನೂ ನೋಡಿದ. ಜೀವನದಲ್ಲಿ ಮೊದಲ ಸಲ ಮುಳ್ಳು ಒಂದು ಕಡೆಗೆ ವಾಲಿತು. ಅವನಿಗೆ ಬೇಡದ ಕಡೆಗೆ.

ಕಂಡಕ್ಟರ್ ಮೂಲೆಯಿಂದ ಬಂದ. ಸಿಟ್ಟು ಇಳಿದಿತ್ತು. "ಹೋಗಲಿ ಬಿಡು. ಭಾನುವಾರ ಡ್ಯೂಟಿ ಹಾಕಿಸ್ಕೊಂಡೆ. ಶನಿವಾರ ಆ ಊರಲ್ಲೇ ನೈಟ್ ಹಾಲ್ಟ್, ಭಾನುವಾರ ಬೆಳಿಗ್ಗೆ ಅಲ್ಲಿಂದ ಇಲ್ಲಿಗೆ ವಾಪಸ್. ನೀವು ಹೋಗೋ ಬಸ್ಸು, ನಾನು ಬರೋ ಬಸ್ಸು, ಸೇತುವೆ ಹತ್ರ ಎದುರಾಗ್ತವೆ. ಸೇತುವೆ ಇಕ್ಕಟ್ಟು, ಎರಡೂ ನಿಧಾನ ಮಾಡಲೇಬೇಕು. ಕಿಟಕಿ ಹತ್ರ ಕೂತಿರು, ಕೈ ಬೀಸ್ತೀನಿ. ಕಿಟಕಿಯಿಂದ ಕಿಟಕಿಗೆ ಇಷ್ಟೇ ದೂರ."

ಅವನು ಎರಡೂ ಅಂಗೈ ಎತ್ತಿ ದೂರ ತೋರಿಸಿದ. ಆಕೆ ಹತ್ತುವ ಬೆಳಗಿನ ಬಸ್ಸೂ ಅದೇ. ತಕ್ಕಡಿಯ ಕಣ್ಣು ತಾನಾಗಿಯೇ ಆ ದೂರವನ್ನು ಮೇಜಿನ ಮೇಲೆ ಇಟ್ಟು ಅಳೆಯಿತು. ಮೂರು ಚೌಕವೂ ಆಗುತ್ತಿರಲಿಲ್ಲ.

ಟೈಲರಣ್ಣ ನೀಲಿ ಯಂತ್ರವನ್ನು ಹತ್ತಿಯಲ್ಲಿ ಸುತ್ತಿ ಜೋಪಾನವಾಗಿ ಡಬ್ಬಿಯಲ್ಲಿಟ್ಟ. "ಮುಖ ಯಾಕೋ ಹಾಗೆ ಮಾಡಿದೀಯ? ಈ ಫಿರಂಗೀಲಿ ನಿಜವಾಗ್ಲೂ ಏನು ದೋಷ ಇದೆ, ಒಂದಾದ್ರೂ ಹೇಳು ನೋಡೋಣ."

"ಒಂದೇ ಅಣ್ಣಾ. ತೀರ ಹತ್ತಿರ ಬಂದವರನ್ನ ಮುಟ್ಟೋಕಾಗಲ್ಲ."

"ಅದೊಂದು ದೋಷಾನಾ!" ಎಂದು ಟೈಲರಣ್ಣ ನಕ್ಕು ಡಬ್ಬಿಯ ಮುಚ್ಚಳ ಹಾಕಿದ. "ಹತ್ತಿರ ಬರೋಕೆ ನಾವು ಬಿಟ್ರೆ ತಾನೇ!"