ಸೊನ್ನಿ ಬಂದ್ರ ಪಾಸು

ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಐಸಿಯು ರೋಗಿಗಳ ರಕ್ತ ತೆಗೆದು, ಬ್ಯಾಕ್ಟೀರಿಯಾ ಹೊಕ್ಕಿರಬಹುದೇ ಎಂಬುದರ ಸುಳಿವು ಕೊಡುವ ಒಂದು ಪರೀಕ್ಷೆ ಮಾಡುತ್ತೇನೆ. ಹೆಸರು ಪ್ರೊಕ್ಯಾಲ್ಸಿಟೋನಿನ್. ಆ ಹೆಸರು ನನ್ನ ನಾಲಿಗೆಗೆ ಒಗ್ಗಲಿಕ್ಕೇ ಆರು ತಿಂಗಳು ಹಿಡಿಯಿತು. ಐಸಿಯು ಬಾಗಿಲಲ್ಲಿ ನಗಬಾರದು, ನಿಜ. ಆದರೆ ನಮ್ಮ ಮಂದಿ ಬಿಡಬೇಕಲ್ಲ!

ನಾಪಾಸು

ಹನುಮಸಾಗರದ ಕಡೆಯ ರೈತನೊಬ್ಬ ತನ್ನ ಅಪ್ಪನನ್ನು ಕರೆತಂದಿದ್ದ. ನ್ಯುಮೋನಿಯಾ ಜೋರಾಗಿ ಮುದುಕನಿಗೆ ವೆಂಟಿಲೇಟರ್ ಹಾಕಿದ್ದರು. ಬಂದ ದಿನ ಆ ಪರೀಕ್ಷೆಯ ಅಂಕಿ ನಲವತ್ತು. ಮೂರು ದಿನಕ್ಕೆ ಆರಕ್ಕಿಳಿಯಿತು. ನಾನು ಖುಷಿಯಿಂದ ಓಡಿಬಂದು ಹೇಳಿದರೆ ಮಗ ಗೋಡೆಗೊರಗಿ ಕುಸಿದು ಕುಳಿತ.

"ನಲವತ್ತಿತ್ತಲ್ರಿ! ಆರಕ್ಕ ಬಂತಂದ್ರ ನಮ್ಮಪ್ಪ ನಾಪಾಸಾದನಲ್ರಿ!"

"ಹಂಗಲ್ರೀ ಅಣ್ಣಾರ, ಈ ಪರೀಕ್ಷಾದಾಗ ಕಮ್ಮಿ ಬಂದಷ್ಟೂ ಛಲೋ. ಸೊನ್ನಿ ಹತ್ರ ಬಂದ್ರ ಪಾಸು."

ಆತ ಕಣ್ಣೊರೆಸಿಕೊಂಡು ನಿಟ್ಟುಸಿರು ಬಿಟ್ಟ.

"ನಮ್ಮ ಸಾಲ್ಯಾಗ ಇಂಥಾ ಪರೀಕ್ಷಾ ಇದ್ದಿದ್ರ ನಾ ಇಷ್ಟೊತ್ತಿಗೆ ಡಿಸಿ ಆಗ್ತಿದ್ನಿ ನೋಡ್ರಿ."

ಸ್ಯಾಂಪಲ್

ಕಾರಟಗಿಯ ಅಕ್ಕಿ ವ್ಯಾಪಾರಿಯ ಹೆಂಡತಿಗೆ ವಿಪರೀತ ಜ್ವರ. ಯಾವ ಕ್ರಿಮಿ ಎಂದು ಪತ್ತೆ ಮಾಡಲು ನಾನು ನಾಲ್ಕು ಟ್ಯೂಬು, ಎರಡು ಪುಟ್ಟ ಬಾಟಲಿಗೆ ರಕ್ತ ತೆಗೆದೆ. ಪಕ್ಕದಲ್ಲೇ ನಿಂತಿದ್ದ ಸಾಹುಕಾರರು ಒಂದೊಂದೇ ಎಣಿಸಿದರು.

"ತಮ್ಮಾ, ನಾವು ಇಡೀ ಲಾರಿ ಅಕ್ಕಿಗೆ ಒಂದ ಹಿಡಿ ಸ್ಯಾಂಪಲ್ ತಗೀತೀವಿ. ನೀ ಒಂದ ಹೆಣ್ಮಗಳಿಂದ ಲಾರಿ ಲೋಡ್ ರಕ್ತ ತಗ್ಯಾಕ ಹತ್ತೀಯಲ್ಲೋ!"

ಬೈಗುಳ

ಭಾಗ್ಯನಗರದ ಅಜ್ಜಿಯೊಬ್ಬಳು ಮೂತ್ರದ ಸೋಂಕು ರಕ್ತಕ್ಕೇರಿ ಮೂರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಸೊಸೆ ಊಟ ಬಿಟ್ಟು ಬಾಗಿಲಲ್ಲೇ ಕುಳಿತಿದ್ದಳು. ನಾಲ್ಕನೇ ದಿನ ಬೆಳಿಗ್ಗೆ ಅಜ್ಜಿ ಕಣ್ಣು ಬಿಟ್ಟಳು. ಬಿಟ್ಟವಳೇ ನರ್ಸಿಗೆ ಬೈದಳು, ಡ್ರಿಪ್ಪಿಗೆ ಬೈದಳು, ಮೇಲೆ ತಿರುಗುವ ಫ್ಯಾನಿಗೂ ಬೈದಳು.

ಡಾಕ್ಟರು ಗಾಬರಿಯಾದರು. ಇವರು ಮೈಸೂರು ಕಡೆಯವರು, ಹೊಸಬರು.

"ಸೋಂಕು ಮತ್ತೆ ಏರಿ ತಲೆಗೆ ಹೋಗಿರಬೇಕು. ಬೇಗ ರಕ್ತ ತೆಗೀರಿ."

ಸೂಜಿ ಚುಚ್ಚಿದೆ. ನನ್ನ ಏಳು ತಲೆಮಾರು ಐಸಿಯುಗೆ ಬಂದುಹೋದವು. ಸ್ಯಾಂಪಲ್ ಮಷಿನ್ನಿಗೆ ಹಾಕಿ ಕಾಯುತ್ತಾ ನಿಂತೆ. ರಿಪೋರ್ಟು ಬಂತು. ಅಂಕಿ ಏರಿರಲಿಲ್ಲ, ಭಾಳ ಇಳಿದಿತ್ತು!

ಡಾಕ್ಟರು ತಲೆ ಕೆರೆದುಕೊಂಡು ಸೊಸೆಯನ್ನು ಒಳಗೆ ಕರೆಸಿದರು. "ನೋಡಿಮ್ಮಾ, ಸೋಂಕು ಇಳಿದಿದೆ. ಆದರೂ ಯಾಕೆ ಹೀಗೆ ಮಾತಾಡ್ತಿದ್ದಾರೋ ತಿಳೀತಿಲ್ಲ."

ಸೊಸೆ ಒಂದು ನಿಮಿಷ ಅತ್ತೆಯ ಬೈಗುಳ ಕೇಳಿದಳು. ಆಮೇಲೆ ಸೆರಗು ಬಾಯಿಗಿಟ್ಟು ಅತ್ತೇಬಿಟ್ಟಳು, ಅದೂ ನಗುನಗುತ್ತಾ.

"ಇದ ನಮ್ಮತ್ತಿ ರೀ ಸಾಹೇಬ್ರ! ಮೂರು ದಿನ ಸುಮ್ಮ ಇದ್ಲಲ್ರಿ, ಅದು ರೋಗ!"