ಹನ್ನೊಂದು ಡಾಲರಿನ ಕರಿಬೇವನ್ನು ತಡೆದ ಬ್ಯಾಂಕಿನ ಯಂತ್ರಕ್ಕೆ

ನಮ್ಮ ಬ್ಯಾಂಕಿನ, ಹಗಲಿರುಳು ರೆಪ್ಪೆ ಮಿಟುಕಿಸದ ಎಚ್ಚರಿಕೆ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ಆಕ್ಲೆಂಡಿನ ಪಾಪಟೋಯೆಟೋಯೆಯ ಬಾಡಿಗೆ ಮನೆಯಿಂದ ಅರುಂಧತಿ ಎಂಬ ಗ್ರಾಹಕಳು ಮಾಡುವ ನಮಸ್ಕಾರಗಳು. ತಮಗೆ ಕರೆಂಟು ತಪ್ಪದಿರಲಿ, ತಮ್ಮ ಫ್ಯಾನುಗಳು ಸದಾ ತಣ್ಣಗೆ ತಿರುಗುತ್ತಿರಲಿ, ತಮ್ಮ ಬಳಗದ ಇತರ ಯಂತ್ರಗಳೂ ಕ್ಷೇಮವಾಗಿರಲಿ ಎಂದು ಹಾರೈಸುತ್ತೇನೆ. ಕಳೆದ ಗುರುವಾರ ತಾವು ನನ್ನ ಮೇಲೆ ತೋರಿದ ಕಾಳಜಿಗೆ ಧನ್ಯವಾದ ಹೇಳುವುದೇ ಈ ಪತ್ರದ ಮೊದಲ ಉದ್ದೇಶ. ಫಿಜಿಯವರ ತರಕಾರಿ ಅಂಗಡಿಯಲ್ಲಿ ನಾನು ಒಂದು ಕಟ್ಟು ಕರಿಬೇವು, ನಾಲ್ಕು ನುಗ್ಗೆಕಾಯಿ ತೆಗೆದುಕೊಂಡು, ನನ್ನೊಬ್ಬಳ ಹೆಸರಿನಲ್ಲಿ ಬೇರೆಯಾಗಿ ತೆರೆದ ಖಾತೆಯ ಕಾರ್ಡನ್ನು ಹನ್ನೊಂದು ಡಾಲರಿಗೆ ತಾಗಿಸಿದೆನೋ ಇಲ್ಲವೋ, ತಾವು ಅದನ್ನು ಗಪ್ಪನೆ ತಡೆದು, ಈ ವ್ಯವಹಾರ ಅನುಮಾನಾಸ್ಪದವಾಗಿದೆ, ಮಾಡುತ್ತಿರುವುದು ನಿಜವಾಗಿಯೂ ನೀವೇನಾ ಎಂದು ಸಂದೇಶ ಕಳಿಸಿದಿರಿ. ಹಿಂದೆ ಆರು ಜನ ಬುಟ್ಟಿ ಹಿಡಿದು ನಿಂತಿದ್ದರು. ನಾನೇ ಹೌದು ಎಂದು ಒತ್ತಿ, ಕರಿಬೇವು ಬಿಡಿಸಿಕೊಂಡು ಮನೆಗೆ ಬಂದೆ.

ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಇಷ್ಟು ಸೂಕ್ಷ್ಮ ಮನಸ್ಸಿನ ತಾವು, ನನ್ನ ಗಂಡ ಚಂದ್ರಮೌಳಿಯವರು ಎರಡು ವರ್ಷಗಳಲ್ಲಿ ಆರು ಸಲ ನಮ್ಮ ಜಂಟಿ ಖಾತೆಯಿಂದ ಒಟ್ಟು ಮೂವತ್ತೊಂದು ಸಾವಿರ ಡಾಲರು ತೆಗೆದಾಗ ಎಲ್ಲಿಗೆ ಹೋಗಿದ್ದಿರಿ? ಒಂಬತ್ತು ವರ್ಷ ಮನೆ ಕೊಳ್ಳಲೆಂದು ಇಬ್ಬರೂ ಕೂಡಿಟ್ಟ ಹಣದ ಅರ್ಧಕ್ಕಿಂತ ಹೆಚ್ಚು ಅದು. ತಮಗೆ ಒಂದು ಸಣ್ಣ ಕೆಮ್ಮಾದರೂ ಬರಬಾರದಿತ್ತೇ?

ತಾವು ಏನೇನೋ ಊಹಿಸಿಕೊಂಡಿರಬಹುದು; ಜೂಜು, ಕುಡಿತ, ಇನ್ನೊಬ್ಬಳು. ಅಷ್ಟೆಲ್ಲ ಸಾಹಸ ನಮ್ಮವರಿಗಿಲ್ಲ. ಆಲ್ಬನಿಯ ಕಚೇರಿಯಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವರ ಉದ್ಯೋಗ. ಅವರಿಗಿದ್ದ ಚಟ ಸನ್ಮಾನದ್ದು. ನಮ್ಮ ದಕ್ಷಿಣ ನಕ್ಷತ್ರ ಕನ್ನಡ ಬಳಗದಲ್ಲಿ ಯಾರು ಹಬ್ಬದ ಖರ್ಚು ವಹಿಸಿಕೊಳ್ಳುತ್ತಾರೋ ಅವರನ್ನು ವೇದಿಕೆಗೆ ಕರೆದು, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಡುವುದು ರೂಢಿಯಂತೆ; ನನಗೆ ತಿಳಿದದ್ದು ಆಮೇಲೆ. ಅಧ್ಯಕ್ಷರಾದ ವೆಂಕಟರಮಣ ಅಂಕಲ್ ಒಂದು ಯುಗಾದಿಗೆ ಫೋನು ಮಾಡಿ "ನಿಮ್ಮಂಥೋರು ಕೈ ಹಿಡೀದೇ ಹೋದ್ರೆ ಈ ದೇಶದಲ್ಲಿ ಕನ್ನಡ ಉಳಿಯುತ್ತಾ ಸಾರ್?" ಎಂದರಂತೆ. ಆಫೀಸಿನಲ್ಲಿ ಎಲ್ಲರೂ ಚ್ಯಾಂಡ್ ಎಂದು ಕರೆಯುವ ಮನುಷ್ಯನಿಗೆ ಹೀಗೆ ಸಾರ್ ಅನ್ನಿಸಿಕೊಂಡು ಹೃದಯ ಕರಗಿ ನೀರಾಯಿತು. ಆ ನೀರು ಹರಿದದ್ದು ಜಂಟಿ ಖಾತೆಯಿಂದ.

ಈಗ ನನ್ನ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಆ ಖಾತೆ ತೆರೆಯುವ ದಿನ ಕೌಂಟರಿನ ಹುಡುಗಿ, ಹಣ ತೆಗೆಯಲು ಇಬ್ಬರ ಒಪ್ಪಿಗೆ ಬೇಕೋ, ಒಬ್ಬರದು ಸಾಕೋ ಎಂದು ಕೇಳಿದ್ದಳು. ಗಂಡನ ಪಕ್ಕದಲ್ಲಿ ಕುಳಿತು ಇಬ್ಬರದೂ ಬೇಕು ಎನ್ನುವುದು ಅವರ ಮುಖಕ್ಕೆ ಹೊಡೆದಂತೆ ಎಂದುಕೊಂಡು, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲಮ್ಮ ಎಂದು ನಕ್ಕು, ಒಬ್ಬರದು ಸಾಕು ಎಂಬಲ್ಲಿ ನಾನೇ ಗುರುತು ಹಾಕಿದೆ. ಈಸ್ಟ್ ತಮಾಕಿಯ ಬಿಸ್ಕತ್ತು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವವಳು ನಾನು. ಸಾವಿರ ಬಿಸ್ಕತ್ತಿನಲ್ಲಿ ಮುರಿದದ್ದು ಒಂದಿದ್ದರೂ ನನ್ನ ಕಣ್ಣು ತಪ್ಪುವುದಿಲ್ಲ. ಆದರೆ ಆರು ಪೇಟಗಳು ನಮ್ಮ ಶೋಕೇಸಿನಲ್ಲಿ ಸಾಲಾಗಿ ಬಂದು ಕುಳಿತರೂ ನನಗೆ ಸಂಶಯ ಹುಟ್ಟಲಿಲ್ಲ. ನಮ್ಮವರ ಸಮಾಜಸೇವೆಗೆ ಸಿಕ್ಕ ಗೌರವವೆಂದೇ ನಂಬಿ, ಮೊದಲ ಸಾಲಿನಲ್ಲಿ ನಿಂತು ಫೋಟೋ ತೆಗೆದು, ಮೈಸೂರಿನ ನೆಂಟರಿಗೆಲ್ಲ ಕಳಿಸಿದೆ. ಊಟದಲ್ಲಿ ಎರಡನೇ ಹೋಳಿಗೆಯನ್ನು ಸಂಕೋಚಪಟ್ಟುಕೊಂಡು ಹಾಕಿಸಿಕೊಂಡೆ, ನಾಲ್ಕು ನೂರು ಜನರಿಗೆ ಹೋಳಿಗೆ ಹಾಕಿಸಿದವಳು ನಾನೇ ಎಂದು ತಿಳಿಯದೆ.

ತಿಳಿದದ್ದು ಮನುಕಾವ್‌ನಲ್ಲಿ, ಮನೆ ಸಾಲ ಕೊಡಿಸುವ ಸಿಂಚನಾಳ ಎದುರಿಗೆ ಕುಳಿತಾಗ. ಆ ಹುಡುಗಿ ಖಾತೆಯ ವಿವರವನ್ನು ಎರಡೆರಡು ಸಲ ನೋಡಿ, ಬಹಳ ಮೆತ್ತಗೆ "ಆಂಟಿ, ಮನೆಗೆ ಮೊದ್ಲು ಕಟ್ಟೋ ಡೆಪಾಸಿಟ್ ಇರೋದು ಬೇರೆ ಅಕೌಂಟಿನಲ್ಲಾ?" ಎಂದಳು. ನಮ್ಮವರು ಕಾರ್ಪೆಟ್ ನೋಡತೊಡಗಿದರು. ಕಾರಿನಲ್ಲಿ "ಕೇಳ್ಬಿಟ್ರು ಕಣೇ, ಇಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ" ಎಂದರು. ಮನೆಯಲ್ಲಿ ವಿಷಯ ಕೇಳಿದ ಮಗಳು ಲಾಸ್ಯಾ ಶೋಕೇಸನ್ನೊಮ್ಮೆ ನೋಡಿ, ಇಲ್ಲಿ ಹುಟ್ಟಿದ ಮಕ್ಕಳ ಭಾಷೆಯಲ್ಲಿ "ಡ್ಯಾಡ್, ಯು ಬಾಟ್ ಹ್ಯಾಟ್ಸ್?" ಎಂದಷ್ಟೇ ಕೇಳಿದಳು. ಹಣ ಹೋದದ್ದಕ್ಕೆ ನಾನು ಅತ್ತೆ, ಸುಳ್ಳೇಕೆ ಹೇಳಲಿ. ಅದಕ್ಕಿಂತ ಹೆಚ್ಚು ಅತ್ತದ್ದು, ಆ ಹಣ ಹೋಗುವಾಗ ನನ್ನ ಕೈಯಲ್ಲೇ ಚಪ್ಪಾಳೆ ಹೊಡೆಸಿದರಲ್ಲ ಎಂದು. ಹತ್ತು ದಿನ ಅವರೊಡನೆ ಮಾತಾಡಲಿಲ್ಲ.

ಹನ್ನೊಂದನೆಯ ದಿನ ನಾನು ತಮ್ಮ ಬ್ಯಾಂಕಿಗೆ ಬಂದು ನನ್ನ ಹೆಸರಿನಲ್ಲಿ ಬೇರೆ ಖಾತೆ ತೆರೆದೆ, ಸಂಬಳ ಅದಕ್ಕೇ ಬೀಳುವಂತೆ ಮಾಡಿದೆ, ಜಂಟಿ ಖಾತೆಗೆ ಇಬ್ಬರ ಒಪ್ಪಿಗೆಯೂ ಬೇಕೆಂದು ಬರೆಸಿದೆ. ಚಂದ್ರಮೌಳಿಯವರು ಶನಿವಾರ ಭಾನುವಾರ ಮನೆಮನೆಗೆ ದಿನಸಿ ತಲುಪಿಸುವ ಕೆಲಸ ಹಿಡಿದಿದ್ದಾರೆ. ವೆಂಕಟರಮಣ ಅಂಕಲ್ ದೀಪಾವಳಿಗೆಂದು ಫೋನು ಮಾಡಿದಾಗ ನನ್ನೆದುರಿಗೇ ಬೆವರುತ್ತಾ "ಈ ಸಲ ಆಗಲ್ಲ ಸಾರ್" ಎಂದರು. ಹದಿನಾಲ್ಕು ತಿಂಗಳಲ್ಲಿ ಅವರ ಆ ದುಡಿಮೆಯಿಂದ ಹನ್ನೆರಡು ಸಾವಿರ ಮರಳಿ ಬಂದಿದೆ, ಉಳಿದದ್ದು ಬರಬೇಕು. ಅಷ್ಟರಲ್ಲಿ ಮನೆಗಳ ಬೆಲೆ ನಮಗಾಗಿ ಕಾಯುತ್ತದೆ ಎಂಬ ಭರವಸೆ ನನಗಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಕೋರಿಕೆಗಳು. ದಯವಿಟ್ಟು ತಾವು ನಮ್ಮವರ ಗಂಟಲಿನ ಆಸುಪಾಸಿನಲ್ಲಿ ಒಂದು ಶಾಖೆ ತೆರೆಯಬೇಕು. ಯಾರಾದರೂ ಅವರನ್ನು ಕೊಡುಗೈ ದಾನಿ ಎಂದ ಕೂಡಲೇ ಧ್ವನಿಯನ್ನು ತಡೆಹಿಡಿದು, ಈ ಮಾತಾಡುತ್ತಿರುವುದು ನೀವೇನಾ ಎಂದು ವಿಚಾರಿಸಬೇಕು. ಬಳಗದವರು ಪೇಟವನ್ನು ತಲೆಗೆ ಇಡುವ ಮುನ್ನ ಆ ತಲೆಯ ಹೆಂಡತಿಯ ಫೋನಿಗೆ ಆರು ಅಂಕಿಗಳ ಗುಪ್ತಸಂಖ್ಯೆ ಕಳಿಸಬೇಕು. ಇವು ಆಗದಿದ್ದರೆ, ಕರಿಬೇವಿನ ಮೇಲೆ ತಮಗಿರುವ ಸಂಶಯದಲ್ಲಿ ಒಂದು ಕಾಲುಭಾಗವನ್ನಾದರೂ ಗಂಡಂದಿರ ಮೇಲೆ ವರ್ಗಾಯಿಸಬೇಕೆಂದು ವಿನಂತಿ. ಶುಲ್ಕವಿದ್ದರೆ ಜಂಟಿ ಖಾತೆಯಿಂದ ತೆಗೆದುಕೊಳ್ಳಿ, ನಾವಿಬ್ಬರೂ ಒಪ್ಪುತ್ತೇವೆ.

ತಮ್ಮ ಕಣ್ಗಾವಲಿಗೆ ಸದಾ ಚಿರಋಣಿಯಾದ
ತಮ್ಮ ವಿಶ್ವಾಸಿ,
ಅರುಂಧತಿ

ತಾ.ಕ.: ಸಿಂಚನಾ ಮತ್ತೆ ಸಾಲದ ಅರ್ಜಿ ಕಳಿಸಿದ್ದಾಳೆ, ಈಗಲೇ ತುಂಬಿ ಇಟ್ಟುಕೊಳ್ಳಿ ಆಂಟಿ ಎಂದು. ಮನೆ ಯಾರ ಹೆಸರಿಗೆ ಎಂಬಲ್ಲಿ ಎರಡು ಗೆರೆಗಳಿವೆ. ಮೊದಲನೆಯದರಲ್ಲಿ ನನ್ನ ಹೆಸರನ್ನು ಪೆನ್ನಿನಲ್ಲಿ ಬರೆದಿದ್ದೇನೆ. ಎರಡನೆಯದರಲ್ಲಿ ನಮ್ಮವರ ಹೆಸರು ಸದ್ಯಕ್ಕೆ ಪೆನ್ಸಿಲಿನಲ್ಲಿದೆ. ಅದನ್ನು ದಿನಕ್ಕೊಂದು ಸಲ ಬಂದು ನೋಡಿಕೊಂಡು ಹೋಗುತ್ತಾರೆ.