ಮಾರ್ತಾಂಡ ಮಾಸ್ತರರ ಬಾಸ್ಕೆಟ್‌ಬಾಲ್ ಪಂಕ್ತಿ

ಶಿವಪ್ಪ ಬುಟ್ಟಿಯ ಕೆಳಗೇ ನಿಂತಿದ್ದ, ಚೆಂಡು ಕೈಯಲ್ಲೇ ಇತ್ತು. ಆದರೂ ಪಕ್ಕದ ಬಾಳುವಿಗೆ, "ನೀವ ಹಾಕ್ರಿ" ಅಂದ. ಬಾಳು, "ಛೇ, ಮೊದಲ ನೀವು" ಅಂದ. ಈ ಉಪಚಾರ ಮುಗಿಯುವಷ್ಟರಲ್ಲಿ ಎದುರಾಳಿ ಚೆಂಡು ಕಸಿದುಕೊಂಡು ಹೋಗಿದ್ದ.

ನಿನ್ನೆಯ ಪಂದ್ಯ ಸೋತದ್ದು ಹೀಗೆ. ಇವತ್ತು ಸಂಜೆಯದೂ ಸೋತರೆ ಮನೆಗೆ ನಡೆಯಿರಿ, ಗೆದ್ದರೆ ನೌಕರಿ ಕಾಯಂ ಎಂದು ಕಾಲೇಜಿನ ಪ್ರಿನ್ಸಿಪಾಲರು ತಂಡಕ್ಕೆ ಆಟ ಕಲಿಸುವ ಮಾರ್ತಾಂಡ ಮಾಸ್ತರರಿಗೆ ಹೇಳಿಬಿಟ್ಟಿದ್ದರು. ಪಾಪ, ಮಾಸ್ತರರಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ತಂಡದ ಐವರೂ ಧಾರವಾಡ, ಬೆಳಗಾವಿ ಕಡೆಯ ಮರ್ಯಾದಸ್ಥರ ಮಕ್ಕಳು. ಒಬ್ಬರನ್ನು ಬಿಟ್ಟು ಒಬ್ಬರು ಮುಂದಾಗುವುದು ಅವರ ರಕ್ತದಲ್ಲೇ ಇರಲಿಲ್ಲ.

ಮಾಸ್ತರರು ಬಾಡಿಗೆಗಿದ್ದ ಸದಾಶಿವ ಪೇಠೆಯ ಹಲವು ಮನೆಗಳ ವಾಡೆಯಲ್ಲಿ ಗುಟ್ಟು ಉಳಿಯುವುದುಂಟೇ? ಬೆಳಗಿನ ಚಹಾಕ್ಕೆ ಮೊದಲೇ ಚರ್ಚೆ ಶುರುವಾಯಿತು. ಎದುರುಮನೆಯ ಜವಳಿ ವ್ಯಾಪಾರಿ ಸಿದ್ರಾಮಪ್ಪನವರ ಪ್ರಕಾರ ಐವರೂ ಒಟ್ಟಿಗೆ ಬುಟ್ಟಿಯ ಮೇಲೆ ಮುಗಿಬೀಳಬೇಕು. ಹಾಗಾದರೆ ಹಿಂದೆ ಕಾಯುವವರು ಯಾರು ಎಂದು ಮಾಸ್ತರರು ಕೇಳಿದ್ದಕ್ಕೆ ಅವರು, ನೀವು ಬಹಳ ಪುಕ್ಕಲರು ಎಂದರು. ಪಕ್ಕದ ಮನೆಯ ಕಾಶವ್ವನಿಗೆ ಇದು ಹಿಡಿಸಲಿಲ್ಲ. ಬೀಗರ ಊಟದಲ್ಲಿ ಬಡಿಸಿ ಪಳಗಿದ ಕೈ ಅವಳದು.

"ಬಡಸೋರು ಕೇಳಕೋತ ನಿಂದ್ರತಾರೇನ್ರಿ? ಎದುರಿಗೆ ಎಲಿ ಕಂಡ್ರ ಬಡಿಸೇಬಿಡಬೇಕು. ಯಾವ ಎಲಿನೂ ಖಾಲಿ ಬಿಡಬಾರದು" ಅಂದಳು.

ಇಬ್ಬರೂ ಟಾಂಗಾ ಮಾಡಿಕೊಂಡು ಪಂದ್ಯಕ್ಕೂ ಬಂದರು. ಪುಕ್ಕಲರೆನಿಸಿಕೊಳ್ಳಲು ಮನಸ್ಸಿಲ್ಲದೆ ಮಾಸ್ತರರು ಮೊದಲರ್ಧ ಸಿದ್ರಾಮಪ್ಪನವರ ಯುಕ್ತಿಯನ್ನೇ ನಡೆಸಿದರು. ಐವರೂ ಮುಂದೆ ಓಡಿದರು, ಚೆಂಡು ಹಿಂದೆ ಓಡಿತು. ಎದುರಾಳಿಗಳು ಖಾಲಿ ಮೈದಾನದಲ್ಲಿ ಆರಾಮಾಗಿ ಬುಟ್ಟಿ ತುಂಬಿಸಿದರು. ಪ್ರಿನ್ಸಿಪಾಲರು ಮಾಸ್ತರರ ಕಡೆ ನೋಡಿದ ನೋಟಕ್ಕೆ ಹಾಲು ಒಡೆಯುವಂತಿತ್ತು.

ವಿರಾಮದಲ್ಲಿ ಮಾಸ್ತರರು ಹುಡುಗರನ್ನು ಕೂಡಿಸಿಕೊಂಡು ಎದೆ ಗಟ್ಟಿ ಮಾಡಿ ಹೇಳಿದರು: "ಬುಟ್ಟಿ ಅಂದ್ರ ಎಲಿ, ಚೆಂಡು ಅಂದ್ರ ಹೋಳಿಗಿ. ಯಾರನ್ನೂ ಕೇಳಬ್ಯಾಡ್ರಿ, ಬಡಿಸಿ ಬಿಡ್ರಿ."

ಹುಡುಗರ ಮುಖ ಅರಳಿತು. ಇಷ್ಟು ದಿನ ಯಾರೂ ಆಟವನ್ನು ಅವರಿಗೆ ತಿಳಿಯುವ ಹಾಗೆ ಹೇಳಿರಲೇ ಇಲ್ಲ. ಬಾಳು ಬಡಿಸಿದ, ಶಿವಪ್ಪ ಬಡಿಸಿದ, ಬೇಡ ಬೇಡವೆಂದು ಕೈ ಅಡ್ಡ ಹಿಡಿದವರ ತಲೆಯ ಮೇಲಿಂದ ಬಡಿಸಿದ. ಎದುರಾಳಿಗಳು ಚೆಂಡಿನ ಮುಖ ಕಾಣದಂತಾದರು. ಪ್ರಿನ್ಸಿಪಾಲರು ಕುರ್ಚಿ ಬಿಟ್ಟೆದ್ದು ಪೇಟ ಬೀಸಿದರು. ಕೊನೆಯ ನಿಮಿಷಕ್ಕೆ ನಮ್ಮವರದು ಒಂದು ಅಂಕ ಮುಂದೆ. ಮಾಸ್ತರರಿಗೆ ಕಾಯಂ ನೌಕರಿ ಕೈಗೆ ಬಂದೇ ಬಿಟ್ಟಿತ್ತು.

ಆಗ ಚೆಂಡು ಪುಟಿದು ನಾವೇ ಕಾಯಬೇಕಾದ ನಮ್ಮ ಬುಟ್ಟಿಯ ಕೆಳಗಿದ್ದ ಶಿವಪ್ಪನ ಕೈ ಸೇರಿತು. ಸುಮ್ಮನೆ ಹಿಡಿದು ನಿಂತರೂ ಗೆಲುವು. ಶಿವಪ್ಪ ತಲೆಯೆತ್ತಿ ನೋಡಿದ, ಒಂದು ಕ್ಷಣ ಯೋಚಿಸಿದ, ಯಾರನ್ನೂ ಕೇಳದೆ ಚೆಂಡನ್ನು ಚೊಕ್ಕವಾಗಿ ಅದರೊಳಗೆ ಹಾಕಿದ. ಸೀಟಿ ಮೊಳಗಿತು. ಶಿವಪ್ಪ ಹಾಕಿದ ಆ ಎರಡು ಅಂಕದಿಂದ ಎದುರಾಳಿಗಳು ಗೆದ್ದರು.

ಶಿವಪ್ಪ ವಿನಯದಿಂದ ಮಾಸ್ತರರ ಹತ್ತಿರ ಬಂದ.

"ಸರ್, ಆ ಎಲಿಗೆ ಭಾಳ ಹೊತ್ತಿನಿಂದ ಏನೂ ಬಿದ್ದಿರಲಿಲ್ಲರಿ. ಪಂಕ್ತಿಭೇದ ಆಗಬಾರದಲ್ರಿ."

ಪ್ರಿನ್ಸಿಪಾಲರು ಪೇಟ ಸರಿಮಾಡಿಕೊಳ್ಳುತ್ತ ಇತ್ತಲೇ ಬರುತ್ತಿದ್ದರು. ಅವರಿಗಿಂತ ಮೊದಲು ಕಾಶವ್ವ ಬಂದು ಶಿವಪ್ಪನ ಬೆನ್ನು ತಟ್ಟಿದಳು. "ನೌಕರಿ ಹೋದ್ರ ಹೋಗಲಿ ಬಿಡ್ರಿ ಮಾಸ್ತರ, ಹುಡುಗರಿಗೆ ಛಲೋ ಕಲಿಸೀರಿ" ಅಂದಳು.